ಎಲ್ಲರ ಹೆಬ್ಬೆರಳು, ನನ್ನ ಪಾದ

ಒಂಬತ್ತರಲ್ಲಿ ಬಿದ್ದ ಬಸುರಿಯ ಪಾದ ಅವಳದಾಗಿ ಉಳಿಯುವುದಿಲ್ಲ. ಅದು ಊರಿನ ಆಸ್ತಿ. ಮನೆಗೆ ಬಂದವರು "ಆರಾಮಾ?" ಅಂತ ಕೇಳುವ ಮೊದಲೇ ಬಗ್ಗಿ, ಹೆಬ್ಬೆರಳಿನಿಂದ ಕಣಕಾಲು ಒತ್ತುತ್ತಾರೆ. ಗುಳಿ ಬೀಳುತ್ತದೆ. ಅದು ಮುಚ್ಚುವವರೆಗೂ ಎಲ್ಲರೂ ಮೌನವಾಗಿ ಕಾಯುತ್ತಾರೆ. ಆಮೇಲೆ ತೀರ್ಪು ಬರುತ್ತದೆ. "ನೀರು ತುಂಬೈತೆ" ಎಂದರು ಅತ್ತೆಯ ಅಕ್ಕ. "ಗಂಡೇ" ಎಂದರು ಪಕ್ಕದ ಮನೆಯ ಅಜ್ಜಿ. ನಾನು ಸೋಫಾದ ಮೇಲೆ ಸುಮ್ನೆ ಕೂತಿದ್ದೆ. ನನ್ನ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ.

ದಾವಣಗೆರೆಯ ಮೇ ತಿಂಗಳು ಅಂದರೆ ಬಸುರಿ ಅಲ್ಲದವರ ಕಾಲೂ ಭಾರವಾಗುವ ಕಾಲ. ಅದರ ಮೇಲೆ ಕೊನೆಯ ತಿಂಗಳುಗಳಲ್ಲಿ ಮೈಯಲ್ಲಿ ರಕ್ತವೇ ಶೇ 40-50ರಷ್ಟು ಜಾಸ್ತಿಯಾಗಿರುತ್ತದೆ. ಕಾಲಿನಿಂದ ಮೇಲಕ್ಕೆ ಹೋಗಬೇಕಾದ ರಕ್ತಕ್ಕೆ ದಾರಿಯಲ್ಲಿ ದೊಡ್ಡ ಹೊಟ್ಟೆ ಅಡ್ಡ ಕೂತಿರುತ್ತದೆ. ಬೆಳಿಗ್ಗೆ ಪರವಾಗಿಲ್ಲ ಅನ್ನಿಸುವ ಪಾದ ಸಂಜೆಗೆ ಚಪ್ಪಲಿಯ ಪಟ್ಟಿಯ ನಡುವಿನಿಂದ ಹೊರಗೆ ಇಣುಕುತ್ತದೆ.

ಮನೆಯಲ್ಲಿ ಎರಡು ಪಕ್ಷ ಆದವು. "ನೀರು ತುಂಬಿದ ಕಾಲಿಗೆ ಇನ್ನೂ ನೀರು ಕುಡಿದರೆ ಹೆಂಗೆ?" ಎಂಬುದು ಅತ್ತೆಯ ಪಕ್ಷ. ಕೇಳಲು ನ್ಯಾಯವಾಗಿಯೇ ಇದೆ. ಡಾಕ್ಟರು ಮಾತ್ರ ಚೆನ್ನಾಗಿ ನೀರು ಕುಡಿಯಿರಿ, ಕುಡಿಯುವ ನೀರಿನಿಂದ ಬಾವು ಬರುವುದಿಲ್ಲ, ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡಿ ಎಂದರು. ಅತ್ತೆ ನಡುದಾರಿ ಹಿಡಿದು ಬಾರ್ಲಿ ನೀರು ಕುದಿಸಿದರು. ಅದರಿಂದ ಬಾವು ಇಳಿಯಿತೋ ಇಲ್ಲವೋ, ರಾತ್ರಿಯಿಡೀ ಬಚ್ಚಲಿಗೆ ಓಡಾಡಿ ನಡಿಗೆಯ ವ್ಯಾಯಾಮವಂತೂ ಆಯಿತು. ಉಪ್ಪು ಕಡಿಮೆ ಮಾಡಿ ಎಂದದ್ದು ಮಂಡಕ್ಕಿ ಮಿರ್ಚಿಯ ಊರಿನಲ್ಲಿ ಎಂಬುದನ್ನೂ ಗಮನಿಸಬೇಕು. ಸಂಜೆ ನಮ್ಮ ಮನೆಯವರು ಪೊಟ್ಟಣ ಬಿಚ್ಚಿ, ಒಮ್ಮೆ ಮಿರ್ಚಿ ನೋಡಿ, ಒಮ್ಮೆ ನನ್ನ ಬೆರಳು ನೋಡಿ, ಏನೂ ಹೇಳದೆ ತಿಂದರು. ಹೇಳದಿದ್ದದ್ದು ಅವರ ಪುಣ್ಯ.

ಆ ಬೆರಳುಗಳಲ್ಲಿ ಒಂದಕ್ಕೆ ನಿಶ್ಚಿತಾರ್ಥದ ಉಂಗುರ ಕಚ್ಚಿಕೊಂಡಿತ್ತು. ಏಳನೇ ತಿಂಗಳಲ್ಲೇ ತೆಗೆದಿಡಬೇಕಂತೆ. ಇದನ್ನು ಎಲ್ಲರೂ ಒಂಬತ್ತನೇ ತಿಂಗಳಲ್ಲಿ ಹೇಳುತ್ತಾರೆ. ಸೋಪು ಆಯಿತು, ಕೊಬ್ಬರಿ ಎಣ್ಣೆ ಆಯಿತು. ಬೆಂಗಳೂರಿನಿಂದ ಬಂದಿದ್ದ ನಾದಿನಿ ಫೋನಿನಲ್ಲಿ ವಿಡಿಯೋ ನೋಡುತ್ತ ದಾರದ ಪ್ರಯೋಗಕ್ಕೆ ಇಳಿದಳು. ದಾರದ ತುದಿಯನ್ನು ಉಂಗುರದ ಅಡಿಯಲ್ಲಿ ಅಂಗೈ ಕಡೆಗೆ ತೂರಿಸಬೇಕು. ಉಳಿದದ್ದನ್ನು ಉಂಗುರದ ಬುಡದಿಂದ ಗೆಣ್ಣು ದಾಟುವವರೆಗೆ ಬಿಗಿಯಾಗಿ ಸುತ್ತಬೇಕು. ಆಮೇಲೆ ಅಂಗೈ ಕಡೆಯ ತುದಿ ಹಿಡಿದು ಬಿಚ್ಚುತ್ತಾ ಹೋದರೆ ಉಂಗುರ ಒಂದೊಂದೇ ಸುತ್ತು ದಾಟಿ ಬರುತ್ತದೆ. ವಿಡಿಯೋದಲ್ಲಿ ಬಂತು. ನಮ್ಮಲ್ಲಿ ಬೆರಳು ನೀಲಿಯಾಯಿತು, ದಾರ ಸಿಕ್ಕಾಯಿತು, ಮನೆಯವರು ಕತ್ತರಿ ಹುಡುಕಲು ಹೋಗಿ ಟಿವಿ ಮುಂದೆ ನಿಂತರು. ಕೊನೆಗೆ ಪತ್ತಾರರ ಅಂಗಡಿಯಲ್ಲಿ ಆ ಉಂಗುರವನ್ನು ಕತ್ತರಿಸಿದರು. ಅವರು ತುಣುಕನ್ನು ತೂಗಿ, ಇವತ್ತಿನ ದರ ಹೇಳಿ, "ಕೊಡ್ತೀರೇನು?" ಅಂತಲೂ ಕೇಳಿದರು.

ಇಷ್ಟರ ನಡುವೆ ಕುಬುಸ, ಅಂದರೆ ಸೀಮಂತ. ಹಸಿರು ಸೀರೆ, ಹಸಿರು ಬಳೆ. ಬಳೆಗಾರ್ತಿ ನನ್ನ ಕೈ ಹಿಡಿದು ಎರಡು-ನಾಲ್ಕು ತೆಗೆದಳು. ಮದುವೆಯಲ್ಲಿ ಅದೇ ಅಳತೆ. ಗೆಣ್ಣಿನ ಹತ್ತಿರವೇ ನಿಂತಿತು. ಎರಡು-ಆರು, ಎರಡು-ಎಂಟು. ಪ್ರತಿ ಸಲವೂ ಅಳತೆಯನ್ನು ಅವಳು ಜೋರಾಗಿಯೇ ಕೂಗುತ್ತಿದ್ದಳು, ಹೆಂಗಸರೆಲ್ಲ "ಹೌದಾ!" ಅನ್ನುತ್ತಿದ್ದರು. ಹರಾಜಿನ ಕೊನೆಗೆ ಎರಡು-ಹತ್ತಕ್ಕೆ ನಿಂತೆ.

ಕೆಲಸ ಬ್ಯಾಂಕಿನಲ್ಲಿ, ದಿನವೆಲ್ಲ ಕೌಂಟರಿನಲ್ಲಿ ಕಾಲು ಇಳಿಬಿಟ್ಟು ಕೂರುವುದು. ಊದುವುದಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಕಾಲು ಮೇಲಿಡಬೇಕು ಎಂದು ಡಾಕ್ಟರು ಹೇಳಿದ್ದರಲ್ಲ, ಹಳೆಯ ಲೆಡ್ಜರ್ ಕಟ್ಟು ಎಳೆದುಕೊಂಡೆ. ಹಿರಿಯ ಕ್ಯಾಷಿಯರ್ ಗಾಬರಿಯಾದರು. "ಅದು ಪುಸ್ತಕ, ಅಂದರೆ ಸರಸ್ವತಿ. ಒಳಗಿರೋದು ದುಡ್ಡಿನ ಲೆಕ್ಕ, ಅಂದರೆ ಲಕ್ಷ್ಮಿ. ಇಬ್ಬರ ಮೇಲೂ ಕಾಲಿಡ್ತೀಯಲ್ಲಮ್ಮ!" ಅವರೇ ಎಲ್ಲಿಂದಲೋ ಕೂಲ್‌ಡ್ರಿಂಕ್ಸ್ ಕ್ರೇಟು ತಂದು ಬೋರಲು ಹಾಕಿಕೊಟ್ಟರು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕಿತ್ತು. ನಾನು ಎದ್ದಾಗಲೆಲ್ಲ ಸಾಲಿನಲ್ಲಿ ನಿಂತವರು "ಊಟಕ್ಕೆ ಹೊರಟರು" ಎಂದು ನಿಟ್ಟುಸಿರು ಬಿಡುತ್ತಿದ್ದರು.

ರಾತ್ರಿ ಎಡಕ್ಕೆ ಮಲಗಬೇಕು. ಕೆಳಗಿನಿಂದ ರಕ್ತ ತರುವ ದೊಡ್ಡ ನಾಳ ಬೆನ್ನುಮೂಳೆಯ ಬಲಕ್ಕಿದೆಯಂತೆ, ಎಡಕ್ಕೆ ಮಲಗಿದರೆ ಅದರ ಮೇಲೆ ಭಾರ ಬೀಳುವುದು ಕಡಿಮೆ. ನನ್ನ ಎಡಕ್ಕೆ ಇದ್ದದ್ದು ಮನೆಯವರ ಗೊರಕೆ. ಪಾದದ ಕೆಳಗೆ ಇಡಲು ಮಾವನವರ ಲೋಡು ಕೇಳಿ ತಂದೆ. ಅವರು ಕೊಟ್ಟರು, ಆದರೆ ಮಧ್ಯಾಹ್ನದ ನಿದ್ದೆಗೆ ಅದನ್ನು ಹುಡುಕಿಕೊಂಡು ನಮ್ಮ ಕೋಣೆಯ ಬಾಗಿಲಲ್ಲಿ ದಿನವೂ ಕೆಮ್ಮುತ್ತಿದ್ದರು.

ಇಷ್ಟು ಜನರಲ್ಲಿ ಒಬ್ಬರೇ ನನ್ನ ಕಾಲು ಒತ್ತಿ ಗಂಡೋ ಹೆಣ್ಣೋ ಹೇಳದವರು. ಓಣಿಯ ಆಶಾ ಕಾರ್ಯಕರ್ತೆ. ತಾಯಿ ಕಾರ್ಡು ಬಿಡಿಸಿ ಬಿಪಿ ಬರೆದದ್ದು ನೋಡಿದರು. "ತಲೆನೋವು ಬರುತ್ತೇನಕ್ಕ? ಕಣ್ಣು ಮಂಜಾಗುತ್ತಾ? ಮುಖ, ಕೈ ಇದ್ದಕ್ಕಿದ್ದಂತೆ ಊದ್ತಾ? ಒಂದೇ ಕಾಲು ಊದಿ ನೋಯುತ್ತಾ?" ಎಲ್ಲಕ್ಕೂ ಇಲ್ಲ ಎಂದೆ. ಇದರಲ್ಲಿ ಒಂದಾದರೂ ಕಂಡರೆ, ಇಲ್ಲಾ ಬಿಪಿ 140/90 ಮುಟ್ಟಿದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ ಎಂದರು. ಅದೇ ಹೊತ್ತಿಗೆ ಬಾರ್ಲಿ ನೀರಿನ ಲೋಟ ಹಿಡಿದು ಬಂದ ಅತ್ತೆ ಪೂರ್ತಿ ಕೇಳಿಸಿಕೊಂಡರು. ಅವತ್ತಿನಿಂದ ಬೆಳಿಗ್ಗೆ ಎದ್ದ ಕೂಡಲೇ ಕೇಳುವುದು ಕಾಲಿನ ಸುದ್ದಿಯಲ್ಲ, "ತಲೆ ನೋಯ್ತದೇನವ್ವ?" ಎಂದು. ನೋಯುತ್ತಿರಲಿಲ್ಲ, ಆದರೆ ಆ ಪ್ರೀತಿಗೆ ಎರಡು ಮಾತು ಆಡದಿರಲು ಆಗುತ್ತಿರಲಿಲ್ಲ.

ಹೆರಿಗೆಯಾದ ಕೂಡಲೇ ಬಾವು ಇಳಿಯುತ್ತದೆ ಎಂದುಕೊಂಡಿದ್ದೆ. ಸಲೈನ್ ಹತ್ತಿಸಿಕೊಂಡು ಮನೆಗೆ ಬಂದಾಗ ಪಾದ ಮೊದಲಿಗಿಂತ ದಪ್ಪ. ಆಮೇಲೆ ಬೆವರು, ಬಚ್ಚಲು, ಬೆವರು, ಬಚ್ಚಲು. ಒಂದು ಬೆಳಿಗ್ಗೆ ಕಣಕಾಲಿನ ಮೂಳೆ ಮತ್ತೆ ಕಂಡಿತು. ಮಗುವಿಗಿಂತ ಮೊದಲು ಅದರ ಫೋಟೋ ತೆಗೆದೆ ಎಂದು ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಬಾವು ಇಳಿದರೂ ಪಾದ ಮಾತ್ರ ಪೂರ್ತಿ ಹಿಂದಿನಂತಾಗಲಿಲ್ಲ. ಬಸುರಿನಲ್ಲಿ ಪಾದದ ಕಟ್ಟುಗಳು ಸಡಿಲವಾಗಿ, ಕೆಲವರಿಗೆ ಉದ್ದ ಸ್ವಲ್ಪ ಹೆಚ್ಚಿ ಹಾಗೇ ಉಳಿದುಬಿಡುತ್ತದೆ. ಆರು ಇದ್ದದ್ದು ಏಳಾಯಿತು. ಆರತಕ್ಷತೆಗೆಂದು ಕೊಂಡ ಕೆಂಪು ಹೈಹೀಲ್ಸ್ ಹೊರತೆಗೆದು ಬೆರಳಷ್ಟೇ ತೂರಿಸಿ ನೋಡುತ್ತಿದ್ದೆ. ಬಾಗಿಲಲ್ಲಿ ನಾದಿನಿ.

"ಅತ್ತಿಗೆ, ನನ್ನ ಸೈಜು ಆರೇ ಅಲ್ವಾ?"

ಅವಳ ಕೈಯಲ್ಲಿ ಆಗಲೇ ಕವರ್ ಇತ್ತು.