ಪ್ಯಾಡಿನ ಮೇಲಿನ ಹಾಳೆ ಬಗ್ಗೆ ನಾವು ಕೇಳಲೇಬೇಕು

ಮುಟ್ಟಿನ ಪ್ಯಾಡ್ ಕೊಳ್ಳುವಾಗ ನಾವು ಕೇಳುವುದು ಎರಡೇ ಪ್ರಶ್ನೆ. ಎಷ್ಟು ದುಡ್ಡು? ಎಷ್ಟು ಉದ್ದ? ಎಕ್ಸೆಲ್ಲೋ ಡಬಲ್ ಎಕ್ಸೆಲ್ಲೋ ನೋಡಿ, ಪೇಪರಿನಲ್ಲಿ ಸುತ್ತಿಸಿಕೊಂಡು ಮನೆಗೆ ಬರುತ್ತೇವೆ. ದಿನವಿಡೀ ಮೈಗೆ ತಾಗಿಕೊಂಡೇ ಇರುವ ಆ ತೆಳ್ಳನೆ ಮೇಲಿನ ಹಾಳೆ ಯಾವುದರಿಂದ ಆಗಿದೆ, ಅದಕ್ಕೆ ತೂತು ಯಾಕೆ, ಅದರ ಮೇಲೆ ಒತ್ತಿದ ಗೆರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಭಾಗದ ಬಿಸಿಲಿಗೆ ಮೊದಲು ಕೇಳಬೇಕಾದದ್ದೇ ಅದು ಅಂತ ನಾನು ನಂಬಿದ್ದೇನೆ.

ನಾನು ಶಹಾಪುರ ತಾಲ್ಲೂಕಿನಲ್ಲಿ ಸಂಘದ ಹೆಣ್ಣುಮಕ್ಕಳು ಸೇರಿ ನಡೆಸುವ ಒಂದು ಸಣ್ಣ ಪ್ಯಾಡ್ ಘಟಕದಲ್ಲಿದ್ದೇನೆ. ಹಾಳೆಯ ರೋಲ್ ತರಿಸುವುದು, ಬಂದ ಮಾಲು ಪರೀಕ್ಷೆ ಮಾಡುವುದು ನನ್ನ ಪಾಲಿನ ಕೆಲಸ. ಹಾಗಾಗಿ ಈ ಹಾಳೆಯ ಜೊತೆ ನನಗೆ ದಿನದ ಒಡನಾಟ.

ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿ, ಕಲಬುರಗಿ ಕಡೆ 42, 43 ಡಿಗ್ರಿ ಬಿಸಿಲು ಹೊಸದೇನಲ್ಲ. ಆ ಸೆಕೆಯಲ್ಲಿ ಮುಟ್ಟಾದ ಹೆಣ್ಣುಮಗಳು ಹೊಲದಲ್ಲಿ ಬಗ್ಗಿ ಕೆಲಸ ಮಾಡಬೇಕು, ತುಂಬಿದ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಹೋಗಬೇಕು. ತೊಡೆ ಸಂದಿ ಕೆಂಪಾಗುತ್ತದೆ, ಉರಿಯುತ್ತದೆ, ಚರ್ಮ ಸುಲಿಯುತ್ತದೆ. ಕೂಲಿಗೆ ಹೋಗುವ ಒಬ್ಬ ಅಕ್ಕ ನನಗೆ ನೇರವಾಗಿ ಹೇಳಿದರು: "ಮುಟ್ಟಿಂದು ತ್ರಾಸಿಲ್ರಿ ಅಕ್ಕೋರೆ, ಪ್ಯಾಡಿಂದೇ ತ್ರಾಸು. ಮಧ್ಯಾನ ಆಗೋದ್ರಾಗ ನಡಿಲಾಕ ಆಗಂಗಿಲ್ರಿ." ಇದನ್ನು ಬಹಳ ಜನ "ಹೆಣ್ಣಾದ ಮೇಲೆ ಇದ್ದದ್ದೇ" ಅಂತ ನುಂಗಿಕೊಳ್ಳುತ್ತಾರೆ. ಇದ್ದದ್ದೇ ಅಲ್ಲ. ಇದರಲ್ಲಿ ದೊಡ್ಡ ಪಾಲು ಆ ಮೇಲಿನ ಹಾಳೆಯದ್ದು.

ಪ್ಯಾಡ್ ಬಿಡಿಸಿ ನೋಡಿದರೆ ಒಳಗೆ ಪದರ ಪದರ ಇರುತ್ತದೆ. ಮೇಲೆ ಟಾಪ್ ಶೀಟ್. ಒಳ್ಳೆಯ ಪ್ಯಾಡಿನಲ್ಲಿ ಅದರ ಕೆಳಗೆ ದ್ರವವನ್ನು ಬೇಗ ಎಳೆದು ಹರಡುವ ಇನ್ನೊಂದು ಸಡಿಲ ಪದರ. ಆಮೇಲೆ ಮರದ ತಿರುಳಿನ ಹತ್ತಿಯಂಥ ಪಲ್ಪ್ ಮತ್ತು ಜೆಲ್. ಕೊನೆಗೆ ಸೋರದ ಹಾಗೆ ಪಾಲಿಥೀನ್ ಬ್ಯಾಕ್ ಶೀಟ್. ಹೀರುವ ಕೆಲಸ ಪಲ್ಪ್ ಮತ್ತು ಜೆಲ್ಲಿನದ್ದು. ಆದರೆ ಮೈಗೆ ತಾಗುವುದು ಟಾಪ್ ಶೀಟ್ ಮಾತ್ರ.

ಈ ಟಾಪ್ ಶೀಟನ್ನು ನಾನ್‌ವೋವನ್ ಅನ್ನುತ್ತಾರೆ. ನೇಯ್ದದ್ದಲ್ಲ, ಹೆಣೆದದ್ದಲ್ಲ. ಬಹಳ ಕಡೆ ಬಳಕೆಯಲ್ಲಿರುವುದು ಸ್ಪನ್‌ಬಾಂಡ್. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕಾಳು ಕರಗಿಸಿ, ಸಣ್ಣ ಸಣ್ಣ ತೂತುಗಳಿಂದ ಎಳೆಗಳಾಗಿ ಹೊರತೆಗೆದು, ಓಡುವ ಬೆಲ್ಟಿನ ಮೇಲೆ ಹರಡಿ, ಬಿಸಿ ರೋಲರ್ ನಡುವೆ ಒತ್ತುತ್ತಾರೆ. ರೋಲರ್ ಮೇಲೆ ಉಬ್ಬು ಚುಕ್ಕಿಗಳಿರುತ್ತವೆ. ಎಲ್ಲಿ ಚುಕ್ಕಿ ತಾಗಿತೋ ಅಲ್ಲಿ ಎಳೆ ಕರಗಿ ಒಂದಕ್ಕೊಂದು ಅಂಟುತ್ತವೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾಣುವ ಸಾಲು ಚುಕ್ಕಿ ಅದೇ. ಚುಕ್ಕಿ ಜಾಸ್ತಿಯಾದರೆ ಹಾಳೆ ಗಟ್ಟಿ, ಆದರೆ ಬಿರುಸು. ಕಡಿಮೆಯಾದರೆ ಮೆತ್ತಗೆ, ಆದರೆ ಎಳೆ ಏಳುತ್ತದೆ.

ಅಂಗಡಿಯವರು "ಬಟ್ಟೆ ಚೀಲ" ಅಂತ ಕೊಡುತ್ತಾರಲ್ಲ, ಅದೂ ಇದೇ ಮಾಲು. ಅದೂ ಪ್ಲಾಸ್ಟಿಕ್ಕೇ. 2021ರ ಸೆಪ್ಟೆಂಬರ್ 30ರಿಂದ ಆ ಚೀಲಗಳು 60 ಜಿಎಸ್‌ಎಂಗಿಂತ ತೆಳ್ಳಗಿರಬಾರದು ಅಂತ ಕೇಂದ್ರದ ನಿಯಮ ಇದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ. ಪ್ಯಾಡಿನ ಟಾಪ್ ಶೀಟ್ ಸಾಮಾನ್ಯವಾಗಿ 15ರಿಂದ 25 ಜಿಎಸ್‌ಎಂ.

ಇಲ್ಲೊಂದು ಮುಖ್ಯ ವಿಷಯ ಇದೆ. ಪಾಲಿಪ್ರೊಪಿಲೀನ್‌ಗೆ ನೀರು ಅಂದರೆ ಆಗುವುದಿಲ್ಲ. ಹಾಗೇ ಬಿಟ್ಟರೆ ಹನಿ ಮೇಲೆಯೇ ನಿಲ್ಲುತ್ತದೆ. ಟಾಪ್ ಶೀಟಿಗೆ ನೀರು ಇಳಿಯುವ ಹಾಗೆ ಒಂದು ಲೇಪ ಕೊಡುತ್ತಾರೆ. ಡೈಪರಿನ ತೊಡೆ ಹತ್ತಿರದ ಅಂಚಿಗೆ ಬೇಕಾದದ್ದು ಲೇಪ ಇಲ್ಲದ್ದು, ಯಾಕಂದರೆ ಅಲ್ಲಿ ದ್ರವ ತಡೆಯಬೇಕು. ಎರಡೂ ಬಿಳಿ, ಎರಡೂ ತೆಳ್ಳಗೆ, ಕಣ್ಣಿಗೆ ಒಂದೇ. ಒಬ್ಬ ವ್ಯಾಪಾರಿ ನಮಗೆ ಟಾಪ್ ಶೀಟ್ ಅಂತ ಹೇಳಿ ಲೇಪ ಇಲ್ಲದ ರೋಲ್ ಕಳಿಸಿದ್ದ. ನಮ್ಮ ಸಂಘದ ಹಿರಿಯಳೊಬ್ಬಳು ಬೆರಳಿನಿಂದ ನೀರು ಚಿಮುಕಿಸಿದಳು. ಹನಿ ದುಂಡಗೆ ನಿಂತಿತು, ಇಳಿಯಲೇ ಇಲ್ಲ. "ಇದು ಮೈಗೆ ಹಾಕೋದಲ್ರಿ, ಚೀಲ ಹೊಲಿಯೋದು" ಅಂದಳು. ರೋಲ್ ವಾಪಸ್ ಹೋಯಿತು. ಅವಳು ನೋಡದೇ ಇದ್ದಿದ್ದರೆ ಆ ಪ್ಯಾಡ್‌ಗಳು ಯಾವುದೋ ಹುಡುಗಿಯ ಬ್ಯಾಗಿಗೆ ಹೋಗುತ್ತಿದ್ದವು. ಪ್ಯಾಡ್ ಒಳಗೆ ಎಷ್ಟೇ ಜೆಲ್ ಇರಲಿ, ರಕ್ತ ಪಕ್ಕಕ್ಕೆ ಹರಿದು ಬಟ್ಟೆ ಕಲೆಯಾಗುತ್ತಿತ್ತು.

ಲೇಪದಲ್ಲೂ ದರ್ಜೆಗಳಿವೆ. ಅಗ್ಗದ್ದಾದರೆ ಮೊದಲ ಸಲ ದ್ರವ ಇಳಿಯುವಾಗಲೇ ಲೇಪವೂ ತೊಳೆದುಹೋಗುತ್ತದೆ. ಎರಡನೇ, ಮೂರನೇ ಸಲ ಹಾಳೆ ಬೇಗ ಒಳಗೆ ಬಿಡುವುದಿಲ್ಲ. ಬೆಳಗ್ಗೆ ಸರಿ ಇದ್ದ ಪ್ಯಾಡ್ ಮಧ್ಯಾಹ್ನಕ್ಕೆ ಯಾಕೆ ಮೇಲೆಲ್ಲ ಹಸಿ ಹಸಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ತೂತು. ಮುಟ್ಟಿನ ರಕ್ತ ನೀರಿಗಿಂತ ಮಂದ, ಅದರಲ್ಲಿ ಗಡ್ಡೆಯೂ ಇರುತ್ತದೆ. ತೂತಿಲ್ಲದ ಸಾದಾ ಹಾಳೆಯಲ್ಲಿ ಅದು ನಿಧಾನವಾಗಿ ಇಳಿಯುತ್ತದೆ, ಅಲ್ಲಿಯವರೆಗೆ ಮೈಗೆ ಅಂಟಿಕೊಂಡೇ ಇರುತ್ತದೆ. ಅದಕ್ಕೇ ತೂತು ಮಾಡುತ್ತಾರೆ. ಒಂದು ವಿಧಾನ ಬಿಸಿ ಸೂಜಿಗಳ ರೋಲರ್. ಸೂಜಿ ಚುಚ್ಚಿದ ಕಡೆ ತೂತಿನ ಅಂಚು ಕರಗಿ ನಿಲ್ಲುತ್ತದೆ. ಮೇಲೆ ಅಗಲ, ಕೆಳಗೆ ಕಿರಿದು, ಲಾಳಿಕೆಯ ಆಕಾರ. ಇಳಿದದ್ದು ಸುಲಭವಾಗಿ ಮೇಲೆ ಬರುವುದಿಲ್ಲ. ಇನ್ನೊಂದು ವಿಧಾನದಲ್ಲಿ ಜೋರಾದ ನೀರಿನ ಸಣ್ಣ ಧಾರೆ ಬಿಟ್ಟು ಎಳೆಗಳನ್ನೇ ಪಕ್ಕಕ್ಕೆ ಸರಿಸುತ್ತಾರೆ. ಏನೂ ಕರಗುವುದಿಲ್ಲ, ಹಾಗಾಗಿ ಅಂಚು ಮೆತ್ತಗೆ. ಮೂರನೆಯದರಲ್ಲಿ ಮೊದಲು ಅಲ್ಲಲ್ಲಿ ಕರಗಿಸಿ ದುರ್ಬಲ ಗೆರೆಗಳನ್ನು ಮಾಡಿ, ಆಮೇಲೆ ಹಲ್ಲಿನ ರೋಲರ್ ನಡುವೆ ಹಾಳೆಯನ್ನು ಅಗಲಕ್ಕೆ ಎಳೆಯುತ್ತಾರೆ. ದುರ್ಬಲ ಜಾಗ ಬಾಯಿ ಬಿಟ್ಟು ತೂತಾಗುತ್ತದೆ.

ಸೂಜಿ ತೂತಿನ ಹಾಳೆಗೆ ಮೇಲು ಕೆಳಗು ಇದೆ. ಚುಚ್ಚಿದ ಕಡೆ ನುಣುಪು, ಸೂಜಿ ಹೊರಬಂದ ಕಡೆ ಒರಟು. ಒರಟು ಬದಿ ಪಲ್ಪಿನ ಕಡೆ ಹೋಗಬೇಕು. ನಮ್ಮಂಥ ಸಣ್ಣ ಘಟಕಗಳಿಗೆ ಹೇಳುತ್ತೇನೆ, ರೋಲ್ ಏರಿಸುವ ಮುಂಚೆ ದಯವಿಟ್ಟು ಎರಡೂ ಕಡೆ ಕೈಯಾಡಿಸಿ, ಆಗದಿದ್ದರೆ ಕೆನ್ನೆಗೆ ಉಜ್ಜಿ ನೋಡಿ.

ಪೇಟೆಯಲ್ಲಿ ಜಾಲರಿ ತರಹ ಕಾಣುವ ಪ್ಯಾಡ್‌ಗಳೂ ಇವೆ. ಅದು ಎಳೆಗಳ ಹಾಳೆ ಅಲ್ಲ, ತೂತು ಮಾಡಿದ ಪಾಲಿಥೀನ್ ಫಿಲ್ಮ್. 1980ರ ದಶಕದಿಂದ ಜಗತ್ತಿನಲ್ಲೆಲ್ಲ ಇದು ಬಳಕೆಗೆ ಬಂತು. ಮೇಲ್ಮೈ ಒಣಗಿರುತ್ತದೆ, ಕಲೆಯೂ ಕಡಿಮೆ ಕಾಣುತ್ತದೆ, ನಿಜ. ಎಸಿ ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಇಷ್ಟ ಆಗಬಹುದು. ಆದರೆ ತೂತುಗಳ ನಡುವೆ ಉಳಿದ ಜಾಗ ಪ್ಲಾಸ್ಟಿಕ್ಕೇ ಅಲ್ವಾ? ಬೆವರು ಅದರ ಮೇಲೆ ನಿಲ್ಲುತ್ತದೆ, ನಡೆದ ಹಾಗೆ ಚರ್ಮಕ್ಕೆ ಉಜ್ಜುತ್ತದೆ. ಬಿಸಿಲಿನಲ್ಲಿ ದಿನವಿಡೀ ನಡೆಯುವ ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ನಾನು ಹೇಳುವುದಿಲ್ಲ. ಅದರ ಬದಲು ಬಿಸಿ ಗಾಳಿ ಹಾಯಿಸಿ ಬೆಸೆದ, ಉಬ್ಬಿಕೊಂಡಿರುವ ಮೆತ್ತನೆ ನಾನ್‌ವೋವನ್ ಇದೆ. ಎಳೆಯ ಒಳಗೆ ಒಂದು ಪ್ಲಾಸ್ಟಿಕ್, ಹೊರಗೆ ಬೇಗ ಕರಗುವ ಇನ್ನೊಂದು. ರೋಲರ್ ಒತ್ತದ ಕಾರಣ ಗಾಳಿ ಆಡುತ್ತದೆ. ಅಂಥ ಹಾಳೆಗೆ ಸಣ್ಣ ತೂತು ಮಾಡಿದ್ದು ನಮ್ಮ ಹವೆಗೆ ಸರಿ.

"ಕಾಟನಿ ಸಾಫ್ಟ್" ಅಂತ ಬರೆದ ಪ್ಯಾಕ್ ಬಗ್ಗೆ ಒಂದು ಮಾತು. ಅಂಥ ಬಹಳಷ್ಟು ಪ್ಯಾಡ್‌ಗಳ ಮೇಲಿನ ಹಾಳೆಯಲ್ಲಿ ಹತ್ತಿ ಇಲ್ಲ, ಮುಟ್ಟಲು ಹತ್ತಿಯ ಹಾಗಿರುವ ಪ್ಲಾಸ್ಟಿಕ್ ಎಳೆ ಇದೆ. ಹತ್ತಿ ಬೆಳೆಯುವ ಶಹಾಪುರದಲ್ಲಿ, ಹತ್ತಿ ಬಿಡಿಸಿದ ಕೂಲಿಯಿಂದ ಆ ಪ್ಯಾಕ್ ಕೊಳ್ಳುವ ಹೆಂಗಸಿಗೆ ಈ ವಿಷಯ ಗೊತ್ತಿರಬೇಕು. ಪ್ಲಾಸ್ಟಿಕ್ ಎಳೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಪ್ಪಟ ಹತ್ತಿ ಹಸಿ ಹಿಡಿದುಕೊಳ್ಳುತ್ತದೆ, ಅದಕ್ಕೂ ಅದರದ್ದೇ ತೊಂದರೆ ಇದೆ. ಏನಿದೆಯೋ ಅದನ್ನು ಪ್ಯಾಕ್ ಮೇಲೆ ಕನ್ನಡದಲ್ಲಿ ಬರೆಯಲಿ, ಅಷ್ಟೇ.

ಗೆರೆ ಮತ್ತು ಡಿಸೈನ್‌ಗೂ ಕೆಲಸ ಇದೆ, ಎಲ್ಲಕ್ಕೂ ಅಲ್ಲ. ಆಳವಾಗಿ ಒತ್ತಿದ ಗೆರೆ ರಕ್ತವನ್ನು ಉದ್ದಕ್ಕೆ ಹರಿಸುತ್ತದೆ, ಪಕ್ಕಕ್ಕೆ ಬಿಡುವುದಿಲ್ಲ, ಪ್ಯಾಡ್ ಮುದ್ದೆಯಾಗುವುದನ್ನೂ ತಡೆಯುತ್ತದೆ. ಉಬ್ಬು ತಗ್ಗಿನ ಹಾಳೆಯಲ್ಲಿ ಉಬ್ಬು ಮಾತ್ರ ಮೈಗೆ ತಾಗುತ್ತದೆ. ಬಣ್ಣದ ಹೂವು ಮುದ್ರಿಸಿದ್ದು ಬರೀ ಚೆಂದಕ್ಕೆ. ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಡೈಪರಿಗೂ ಇದೇ ಮಾತು, ಸ್ವಲ್ಪ ಬೇರೆ ರೀತಿ. ಮೂತ್ರ ತೆಳ್ಳಗೆ, ಒಮ್ಮೆಗೇ ಬರುತ್ತದೆ. ಅಲ್ಲಿ ತೂತಿಗಿಂತ ಒಳ್ಳೆಯ ಲೇಪ ಮತ್ತು ಕೆಳಗಿನ ಸಡಿಲ ಪದರ ಮುಖ್ಯ. ಎದೆಹಾಲು ಕುಡಿಯುವ ಕೂಸಿನ ನೀರಾದ ಮಲಕ್ಕೆ ಮಾತ್ರ ದೊಡ್ಡ ತೂತು ಉಪಯೋಗ. ಲಕ್ವ ಹೊಡೆದು ಮಲಗಿರುವ ಅತ್ತೆಗೋ ಅಪ್ಪನಿಗೋ ಡೈಪರ್ ಹಾಕುವವರು ಇದನ್ನು ಇನ್ನೂ ಗಮನವಿಟ್ಟು ನೋಡಬೇಕು. ಅವರ ಚರ್ಮ ತೆಳುವಾಗಿರುತ್ತದೆ, ಹಸಿಯಲ್ಲಿ ಬೇಗ ಹುಣ್ಣಾಗುತ್ತದೆ, ಬಾಯಿಬಿಟ್ಟು ಹೇಳಲೂ ಆಗದ ಸ್ಥಿತಿ ಎಷ್ಟೋ ಜನರದ್ದು.

"ಒಳ್ಳೆ ಹಾಳೆ ಹಾಕಿದರೆ ರೇಟು ಏರುತ್ತದೆ" ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. 24 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಹಾಳೆ, 25 ಜಿಎಸ್‌ಎಂ. ತೂಕ 0.6 ಗ್ರಾಂ. ಕತ್ತರಿಸಿ ಹೋಗುವ ಚೂರು ಕಳೆದರೂ ಒಂದು ಕಿಲೋದಲ್ಲಿ 1400 ಪ್ಯಾಡಿಗೆ ಆಗುತ್ತದೆ. ಕಿಲೋಗೆ 100 ರೂಪಾಯಿ ಜಾಸ್ತಿ ಕೊಟ್ಟರೂ ಒಂದು ಪ್ಯಾಡಿಗೆ ಬೀಳುವುದು 7 ಪೈಸೆ. ಬರೀ 7 ಪೈಸೆ! ಸಣ್ಣ ಘಟಕಗಳಿಗೆ ನಿಜವಾದ ಕಷ್ಟ ಬೇರೆ. 2018ರ ಜುಲೈಯಲ್ಲಿ ಪ್ಯಾಡ್ ಮೇಲಿನ ಜಿಎಸ್‌ಟಿ ಹೋಯಿತು, ಒಳ್ಳೆಯದೇ ಆಯಿತು. ಆದರೆ ನಾವು ರೋಲಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ.

ದರದ ವಿಷಯದಲ್ಲಿ ದೇಶ ಮುಂದೆ ಬಂದಿದೆ. 2019ರಿಂದ ಜನೌಷಧಿ ಕೇಂದ್ರದಲ್ಲಿ 1 ರೂಪಾಯಿಗೆ ಪ್ಯಾಡ್ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಉಚಿತವಾಗಿ ಕೊಡುವ ಶುಚಿ ಯೋಜನೆ ಇದೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಕೊಳ್ಳುವಾಗ ಎಷ್ಟು ಹೀರುತ್ತದೆ ಅನ್ನುವುದೊಂದೇ ಸಾಲದು. ಪ್ಯಾಡಿಗಿರುವ ಭಾರತೀಯ ಮಾನಕ ಐಎಸ್ 5405ರ 1980ರ ಆವೃತ್ತಿಯಲ್ಲೇ ನಿಮಿಷಕ್ಕೆ 15 ಮಿಲಿಲೀಟರ್‌ನಂತೆ ಸುರಿದ 30 ಮಿಲಿಲೀಟರ್ ದ್ರವ ಹೀರಿ ಸೋರಬಾರದು ಅಂತ ಪರೀಕ್ಷೆ ಇತ್ತು. ಆ ಮಾನಕ 2019ರಲ್ಲಿ ಪರಿಷ್ಕರಣೆಯಾಗಿದೆ. ಹಾಸ್ಟೆಲ್, ಶಾಲೆ, ಪಂಚಾಯಿತಿ ಯಾರೇ ಕೊಳ್ಳಲಿ, ಇನ್ನೆರಡು ಷರತ್ತು ಸೇರಿಸಬೇಕು. ಒಂದೇ ಜಾಗದಲ್ಲಿ ಮೂರು ಸಲ ದ್ರವ ಹಾಕಿದರೂ ಹಾಳೆ ಅದನ್ನು ಬೇಗ ಒಳಗೆ ಬಿಡಬೇಕು. ಒತ್ತಿದಾಗ ಹಸಿ ವಾಪಸ್ ಮೇಲೆ ಬರಬಾರದು. ಎರಡಕ್ಕೂ ಉದ್ಯಮದಲ್ಲಿ ಮಾಮೂಲಿ ಪರೀಕ್ಷೆಗಳಿವೆ, ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ.

ಮನೆಯಲ್ಲೂ ನೋಡಬಹುದು. ಎರಡು ಬೇರೆ ಪ್ಯಾಡ್ ಪಕ್ಕಪಕ್ಕ ಇಡಿ. ಎರಡಕ್ಕೂ ಎರಡೆರಡು ಚಮಚ ನೀರು ಹಾಕಿ, ಐದು ನಿಮಿಷ ಬಿಟ್ಟು ಮತ್ತೆ, ಮತ್ತೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಮೂರನೇ ಸಲ ಯಾವುದು ತಡ ಮಾಡುತ್ತದೆ ನೋಡಿ. ಆಮೇಲೆ ಟಿಶ್ಯೂ ಇಟ್ಟು ಅಂಗೈಯಿಂದ ಜೋರಾಗಿ ಒತ್ತಿ. ನೀರು ರಕ್ತ ಅಲ್ಲ, ಆದರೂ ಎರಡರ ನಡುವಿನ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಶಹಾಪುರ, ಸುರಪುರ, ಯಾದಗಿರಿ ಕಡೆಯ ಅಕ್ಕತಂಗಿಯರೇ, ವಾರ್ಡನ್‌ಗಳೇ, ನಿಮ್ಮಲ್ಲಿ ಈಗ ಬರುತ್ತಿರುವ ಪ್ಯಾಡಿನಿಂದ ಉರಿ, ಗಾಯ ಆಗುತ್ತಿದ್ದರೆ ಇಲ್ಲೇ ಬರೆಯಿರಿ, ಬರೆಯಲು ಸಂಕೋಚ ಆದರೆ ಮೆಸೇಜ್ ಮಾಡಿ. ಒಂದು ಪ್ಯಾಡ್ ತಂದುಕೊಟ್ಟರೆ ನಿಮ್ಮ ಎದುರಿಗೇ ಬಿಡಿಸಿ, ಮೇಲಿನ ಹಾಳೆ ಯಾವುದು, ಹೇಗೆ ತೂತು ಮಾಡಿದ್ದು ಅಂತ ತೋರಿಸುತ್ತೇನೆ. ವಾರ್ಡನ್‌ಗಳು ಮುಂದಿನ ಖರೀದಿಯ ಪತ್ರ ಬರೆಯುವಾಗ ಕರೆದರೆ, ಆ ಎರಡು ಷರತ್ತು ಬರೆದುಕೊಡಲು ನಾನೇ ಬರುತ್ತೇನೆ.