ದಂಡನಾಯಕನ ಪತ್ರ ಇತಿಹಾಸಕ್ಕೆ ಆಧಾರವಾಗಬಹುದೇ?

ಪರ

ಸೋಲಿನ ಹೊಣೆಯನ್ನು ಒಬ್ಬನ ತಲೆಗೆ ಕಟ್ಟುವುದು ಸುಲಭ. 1918ರ ಮಾರ್ಚ್ 21ರಂದು ಜರ್ಮನ್ ಸೇನೆ ಉತ್ತರ ಫ್ರಾನ್ಸ್‌ನಲ್ಲಿ ಮುನ್ನುಗ್ಗಿ ಬಂದಾಗ ಬ್ರಿಟನ್ನಿನ ಐದನೇ ಸೇನೆ ಹಿಮ್ಮೆಟ್ಟಿತು. ಅದರ ದಂಡನಾಯಕ ಹ್ಯೂಬರ್ಟ್ ಗಫ್ ಒಂದು ವಾರದಲ್ಲಿ ಹುದ್ದೆ ಕಳೆದುಕೊಂಡರು. ವಿಚಾರಣೆಯೇ ನಡೆಯಲಿಲ್ಲ.

ಮುಂದೆ ಬ್ರಿಟನ್ನಿನ ಅಧಿಕೃತ ಯುದ್ಧ ಇತಿಹಾಸ ಬರೆಸಿದ ಜೇಮ್ಸ್ ಎಡ್ಮಂಡ್ಸ್, ಅಧ್ಯಾಯಗಳ ಕರಡನ್ನು ಆಯಾ ಕಾಳಗದಲ್ಲಿದ್ದ ಅಧಿಕಾರಿಗಳಿಗೆ ಕಳುಹಿಸಿ ಉತ್ತರ ತರಿಸಿಕೊಂಡರು. ಗಫ್ ಕೂಡ ಬರೆದರು. 42 ಮೈಲಿ ಉದ್ದದ ರಂಗವನ್ನು ಅವರು ಎಷ್ಟು ಕಡಿಮೆ ಸೈನ್ಯದಿಂದ ಕಾಯಬೇಕಾಗಿತ್ತು ಎಂಬುದು ಆ ಇತಿಹಾಸದ 1935ರ ಸಂಪುಟದಿಂದ ಜನರಿಗೆ ತಿಳಿಯಿತು. ಯುದ್ಧಕಾಲದಲ್ಲಿ ಪ್ರಧಾನಿಯಾಗಿದ್ದ ಲಾಯ್ಡ್ ಜಾರ್ಜ್ ಅವರೇ ಮರುವರ್ಷ, ತಮ್ಮ ಅಭಿಪ್ರಾಯ ಬದಲಾಗಿದೆ ಎಂದು ಗಫ್ ಅವರಿಗೆ ಬರೆದರು.

ಯಾವ ಗಂಟೆಗೆ ಯಾವ ಆದೇಶ ಹೊರಟಿತು ಎಂದು ಸೇನೆಯ ದಿನಚರಿ ಹೇಳುತ್ತದೆ. ಆದೇಶ ಕೊಟ್ಟವನಿಗೆ ಆ ಗಂಟೆಯಲ್ಲಿ ಏನು ಗೊತ್ತಿತ್ತು, ಯಾವ ವರದಿ ಇನ್ನೂ ಕೈಸೇರಿರಲಿಲ್ಲ ಎಂಬುದನ್ನು ಅವನಲ್ಲದೆ ಬೇರೆ ಯಾರು ಹೇಳಬಲ್ಲರು? ಅವನನ್ನು ಕೇಳದೆ ತೀರ್ಪು ಬರೆಯುವುದು ಅನ್ಯಾಯ.

ವಿರೋಧ

ಕೇಳಲಿ, ಆದರೆ ನಂಬುವ ಮೊದಲು ದಾಖಲೆ ನೋಡಲಿ. 1940ರ ಮೇ 24ರಂದು ಜರ್ಮನ್ ಟ್ಯಾಂಕುಗಳು ಫ್ರಾನ್ಸಿನ ಬಂದರು ಡನ್‌ಕರ್ಕ್ ಸಮೀಪ ನಿಂತುಬಿಟ್ಟವು. ಬ್ರಿಟನ್ ಮತ್ತು ಅದರ ಮಿತ್ರರ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರು ಸಮುದ್ರ ದಾಟಿ ಪಾರಾದರು. ಯುದ್ಧ ಮುಗಿದ ಮೇಲೆ ಸೆರೆಯಲ್ಲಿದ್ದ ಜರ್ಮನ್ ಫೀಲ್ಡ್ ಮಾರ್ಷಲ್ ರುಂಡ್‌ಸ್ಟೆಡ್ ಅವರನ್ನು ಬ್ರಿಟಿಷ್ ಇತಿಹಾಸಕಾರ ಲಿಡೆಲ್ ಹಾರ್ಟ್ ಮಾತನಾಡಿಸಿದಾಗ ಸಿಕ್ಕ ಉತ್ತರ: ತಪ್ಪೆಲ್ಲ ಹಿಟ್ಲರನದು. ಆದರೆ ಹಿಂದಿನ ಸಂಜೆಯೇ ಟ್ಯಾಂಕುಗಳನ್ನು ತಡೆದು ನಿಲ್ಲಿಸಿದವರು ರುಂಡ್‌ಸ್ಟೆಡ್ ಎಂದು ಅವರದೇ ಸೇನಾ ಸಮೂಹದ ದಿನಚರಿ ಹೇಳುತ್ತದೆ. ಹಿಟ್ಲರ್ ಅದಕ್ಕೆ ಒಪ್ಪಿಗೆ ಕೊಟ್ಟಿದ್ದ. ಸತ್ತ ಸರ್ವಾಧಿಕಾರಿಯ ಮೇಲೆ ಹೊರಿಸಿದ ತಪ್ಪನ್ನು ಅಲ್ಲಗಳೆಯಲು ಯಾರಿದ್ದರು?

ಪತ್ರಸ್ನೇಹ ಇತಿಹಾಸಕಾರನನ್ನೂ ಕೆಡಿಸುತ್ತದೆ. ಟ್ಯಾಂಕ್ ಯುದ್ಧದ ವಿಷಯದಲ್ಲಿ ನಿಮಗೆ ದಾರಿ ತೋರಿದವನು ನಾನೆಂದು ನಿಮ್ಮ ಆತ್ಮಕಥೆಯಲ್ಲಿ ಒಂದಿಷ್ಟು ಸೇರಿಸಿ ಎಂದು ಲಿಡೆಲ್ ಹಾರ್ಟ್ ಜರ್ಮನ್ ಟ್ಯಾಂಕ್ ಪಡೆಯ ಜನರಲ್ ಗುಡೇರಿಯನ್‌ಗೆ ಪತ್ರ ಬರೆದು ಕೇಳಿದ್ದರು. ಹಾಗೆ ಹೊಗಳುವ ಪ್ಯಾರಾ ಗುಡೇರಿಯನ್ ಆತ್ಮಕಥೆಯ ಇಂಗ್ಲಿಷ್ ಆವೃತ್ತಿಯಲ್ಲಿದೆ; ಜರ್ಮನ್ ಮೂಲದಲ್ಲಿಲ್ಲ. ಕೊಡುಕೊಳ್ಳುವಿಕೆ ಈ ಮಟ್ಟಕ್ಕೆ ಬಂದ ಮೇಲೆ ಇತಿಹಾಸಕಾರ ದಂಡನಾಯಕನ ತಪ್ಪನ್ನು ಹೇಗೆ ಕೆದಕಿಯಾನು?

ಅದಕ್ಕಿಂತ ನೋವಿನ ಸಂಗತಿ ಮತ್ತೊಬ್ಬ ಜರ್ಮನ್ ದಂಡನಾಯಕ ಮಾನ್‌ಸ್ಟೈನ್ ಅವರದು. ಯಹೂದಿ-ಬೋಲ್ಶೆವಿಕ್ ವ್ಯವಸ್ಥೆಯನ್ನು (ಯಹೂದಿಗಳನ್ನೂ ಸೋವಿಯತ್ ಕಮ್ಯುನಿಸ್ಟರನ್ನೂ ಒಂದೇ ಶತ್ರುವೆಂದು ಸೇರಿಸುವ ನಾಜಿ ಮಾತು ಇದು) ನಿರ್ಮೂಲ ಮಾಡಬೇಕೆಂಬ 1941ರ ನವೆಂಬರ್ 20ರ ಆದೇಶ ಅವರ ಹೆಸರಿನಲ್ಲೇ ಹೊರಟಿತ್ತು. 1946ರಲ್ಲಿ ನ್ಯೂರೆಂಬರ್ಗ್‌ನ ಯುದ್ಧಾಪರಾಧ ವಿಚಾರಣೆಯಲ್ಲಿ ಅದನ್ನು ಮುಂದಿಟ್ಟಾಗ ನೆನಪಿಲ್ಲ ಎಂದರು. ಬ್ರಿಟಿಷ್ ಸೇನಾ ನ್ಯಾಯಾಲಯ 1949ರಲ್ಲಿ ಅವರಿಗೆ 18 ವರ್ಷದ ಶಿಕ್ಷೆ ವಿಧಿಸಿತು, 1953ರಲ್ಲಿ ಬಿಡುಗಡೆಯಾಯಿತು. ಅವರ ಆತ್ಮಕಥೆಯಲ್ಲಿ ಆ ಆದೇಶದ ಮಾತಿಲ್ಲ. ಅದರ ಇಂಗ್ಲಿಷ್ ಆವೃತ್ತಿಗೆ ಮುನ್ನುಡಿ ಬರೆದವರು ಅದೇ ಲಿಡೆಲ್ ಹಾರ್ಟ್. ಮಾನ್‌ಸ್ಟೈನ್ ಸೇನೆಯ ಹಾದಿಯಲ್ಲಿ ಸತ್ತವರಿಗೆ ಯಾವ ಇತಿಹಾಸಕಾರನೂ ಪತ್ರ ಬರೆದು ಅವರ ಪಕ್ಷವನ್ನು ಕೇಳಲಾರ.