ಕ್ಯಾಂಪಿನಲ್ಲೊಂದು ಕ್ಯಾಂಪು

ಟಿಬೆಟನ್ನರಿಗೆ ಧ್ಯಾನ ಕಲಿಸಲು ಶಿರಸಿಯಿಂದ ಒಂದು ವ್ಯಾನ್ ಹೊರಟಿತು. ನಾನೂ ಹತ್ತಿದೆ. ಮಧ್ಯಾಹ್ನ ಊಟ ಉಂಟು ಅಂದಿದ್ದರು.

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಅವತ್ತು ಎಲ್ಲಾದರೂ ಒಂದು ಕ್ಯಾಂಪ್ ಮಾಡಿ ಫೋಟೊ ಕಳಿಸದಿದ್ದರೆ ಸಂಘಟಕರ ತಲೆಯೇ ಕೆಡುತ್ತದೆ. ಈ ಸಲದ ವಿಷಯ 'ನಿರಾಶ್ರಿತರ ಒತ್ತಡ ನಿವಾರಣೆ'. ಟಿಬೆಟನ್ನರು ನೆಲೆಸಿರುವ ಮುಂಡಗೋಡ ಶಿರಸಿಗೆ ಹತ್ತಿರ, ಡೀಸೆಲ್ ಖರ್ಚೂ ಕಡಿಮೆ.

ಅಲ್ಲಿ ಊರುಗಳ ಹೆಸರೇ ಕ್ಯಾಂಪ್. ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್, ಹೀಗೆ. 1966ರಲ್ಲಿ ಬಂದು ಕಾಡಿನ ನಡುವೆ ಕೂತವರು. ಮನೆ ಕಟ್ಟಿದರು, ಬೆಳೆ ತೆಗೆದರು, ಡ್ರೆಪುಂಗ್, ಗಾಂಡೆನ್ ಮಠ ಎಬ್ಬಿಸಿದರು, ಮೊಮ್ಮಕ್ಕಳನ್ನು ಕಂಡರು. ಹೆಸರು ಮಾತ್ರ ಇನ್ನೂ ಕ್ಯಾಂಪ್. ನಾಳೆ ಬೆಳಿಗ್ಗೆ ಗೂಟ ಕಿತ್ತು ಹೊರಡುವವರ ಹಾಗೆ!

"ಕಣ್ಣು ಮುಚ್ಚಿ, ನಿಧಾನ ಉಸಿರೆಳೆಯಿರಿ" ಎಂದರು ಭಾಷಣಕಾರರು. ಮುಂದಿನ ಸಾಲಿನಲ್ಲಿದ್ದ ಏಳೆಂಟು ಲಾಮಾಗಳು ಮುಚ್ಚಿದರು. ಎರಡು ನಿಮಿಷಕ್ಕೆ ಇವರ ಮೊಬೈಲ್ ರಿಂಗಾಯಿತು. ಹೊರಗೆ ಹೋಗಿ ಅಡಿಕೆ ರೇಟು ಮಾತಾಡಿ, ನೀರು ಕುಡಿದು ಬಂದರು. ಲಾಮಾಗಳು ಅಲ್ಲಾಡಿರಲಿಲ್ಲ. 'ಸಾಕು, ಬಿಡಿ' ಅಂತ ಮೂರು ಸಲ ಹೇಳಬೇಕಾಯಿತು. ಫೋಟೊ ಚೆನ್ನಾಗಿ ಬಂದಿದೆ.

ಆಮೇಲೆ ಫಾರಂ ಹಂಚಿದರು. 'ಕಾರಣವಿಲ್ಲದೆ ಆತಂಕ ಆಗುತ್ತದೆಯೇ?' ಹೌದು, ಇಲ್ಲ, ಗೊತ್ತಿಲ್ಲ. ಸ್ವೆಟರ್ ಹಾಕಿದ್ದ ಅಜ್ಜನೊಬ್ಬ ನಮಗಿಂತ ಚೆಂದದ ಕನ್ನಡದಲ್ಲಿ ಕೇಳಿದ, "ಕಾರಣ ಇದ್ದು ಆದ್ರೆ ಎಲ್ಲಿ ಟಿಕ್ ಮಾಡೋದು ಸರ್?"

ಅವನ ಕಾರಣ ಇಷ್ಟೇ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಕಾಗದದಲ್ಲಿ ಅವನು ವಿದೇಶಿ. ನೋಂದಣಿ ಪತ್ರ ಆಗಾಗ ರಿನ್ಯೂ ಆಗಬೇಕು. ಗಂಡ, ಹೆಂಡತಿ ಇಬ್ಬರೂ ಹುಟ್ಟಿದ್ದು ಟಿಬೆಟ್‌ನಲ್ಲಿ, ಮಗ ಮಾತ್ರ 1990ರಲ್ಲಿ ಇಲ್ಲೇ. 1987ರ ಜುಲೈಗೆ ಮುಂಚೆ ಹುಟ್ಟಿದ್ದರೆ ಹುಟ್ಟಿನಿಂದಲೇ ಭಾರತೀಯ ಆಗುತ್ತಿದ್ದ. ಮೂರು ವರ್ಷ ತಡ ಮಾಡಿದ್ದು ಅವನದೇ ತಪ್ಪು, ಅಲ್ವಾ? ಈಗ ಮಗ ಪರದೇಶದಲ್ಲಿ, ಅಪ್ಪ ಕ್ಯಾಂಪಿನಲ್ಲಿ.

ಓಡಿ ಬಂದ ದಾರಿಯ ಭಯ ಒಂದಾದರೆ, ಬಂದ ಮೇಲಿನ ಅತಂತ್ರ ಇನ್ನೊಂದು. ಗಟ್ಟಿ ಕಾಗದ ಇಲ್ಲದಿರುವುದು, ಕೆಲಸ ಸಿಗದಿರುವುದು, ಮನೆಯವರು ದೂರಾಗುವುದು, ಇವೂ ಮನಸ್ಸು ಕೆಡಿಸುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಮ್ಮ ಸ್ಲೈಡಿನಲ್ಲಿ ಮಾತ್ರ ಸೂರ್ಯೋದಯದ ಚಿತ್ರ, ಕೆಳಗೆ 'ನಗುನಗುತ್ತಾ ಇರಿ'. ಅಜ್ಜನಿಗೆ 'ಗೊತ್ತಿಲ್ಲ'ಕ್ಕೆ ಟಿಕ್ ಹಾಕಲು ಹೇಳಿದರು.

ಉಳಿದ ಒಂದು ಫಾರಂ ನಮ್ಮ ಡ್ರೈವರ್ ಕೈಗೆ ಸಿಕ್ಕಿತ್ತು. ಕಾರವಾರದ ಅರ್ಗಾ ಕಡೆಯವನು. ಮನೆ, ಗದ್ದೆ ಸೀಬರ್ಡ್ ನೌಕಾನೆಲೆಗೆ ಹೋಗಿವೆ. ಆ ಕಡೆ ಅಂಥವರಿಗೂ ನಿರಾಶ್ರಿತರು ಅಂತಲೇ ಹೆಸರು. 'ನಿರಾಶ್ರಿತರೇ?' ಅನ್ನುವಲ್ಲಿ ಅವನು 'ಹೌದು' ಅಂತ ಟಿಕ್ ಮಾಡಿದ್ದ.

"ಏ, ಇದು ನಿಂಗಲ್ಲ ಮಾರಾಯ, ಹೊರದೇಶದವರಿಗೆ" ಅಂತ ಸಂಘಟಕರು ಫಾರಂ ಕಿತ್ತುಕೊಂಡರು. ಅವನು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ವ್ಯಾನ್ ಸ್ಟಾರ್ಟ್ ಮಾಡಿದ.